ಎರಡೇ ತುದಿ ಇರಬೇಕು

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ಆಯಸ್ಕಾಂತದ ಬೊಂಬೆಯೊಂದನ್ನು ಕಿತ್ತುಕೊಂಡು ಬಂದು ಸಿಂಕಿನ ಪಕ್ಕದಲ್ಲಿರುವ ಸ್ಟೀಲ್ ಸ್ಕ್ರಬ್ಬರಿಗೆ ಮುಟ್ಟಿಸಿ ನೋಡಿ. ಬಹಳ ಮನೆಗಳಲ್ಲಿ ಅದು ಗಪ್ಪನೆ ಕಚ್ಚಿಕೊಳ್ಳುತ್ತದೆ. ಅದೇ ಬೊಂಬೆ ಒಳ್ಳೆ ದರ್ಜೆಯ ಸ್ಟೀಲ್ ಡಬ್ಬಿಯ ಮೇಲೆ ನಿಲ್ಲುವುದಿಲ್ಲ, ಜಾರಿ ಬೀಳುತ್ತದೆ. ಎರಡೂ ಸ್ಟೇನ್‌ಲೆಸ್ ಸ್ಟೀಲೇ. ಡಬ್ಬಿಯದು 304 ಅನ್ನುವ ದರ್ಜೆ; ಅದರಲ್ಲಿ ಕ್ರೋಮಿಯಂ ಜೊತೆಗೆ ನೂರಕ್ಕೆ ಎಂಟರಷ್ಟು ನಿಕ್ಕಲ್ ಇರುತ್ತದೆ. ಆ ನಿಕ್ಕಲ್ ಸೇರಿದ್ದರಿಂದಲೇ ಅದಕ್ಕೆ ಆಯಸ್ಕಾಂತ ಹಿಡಿಯುವುದಿಲ್ಲ. ಸ್ಕ್ರಬ್ಬರಿನದು ಸಾಮಾನ್ಯವಾಗಿ 430. ಕ್ರೋಮಿಯಂ ನೂರಕ್ಕೆ 16ರಿಂದ 18, ನಿಕ್ಕಲ್ ಇಲ್ಲವೆಂದೇ ಹೇಳಬೇಕು. ತುಕ್ಕು ತಡೆಯುವುದು ಕ್ರೋಮಿಯಂ ಕೆಲಸ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟಿಕೊಳ್ಳುತ್ತದೆ, ಉಜ್ಜಿದಾಗ ಆ ಪೊರೆ ಹರಿದರೂ ತಾನಾಗಿಯೇ ಮತ್ತೆ ಕಟ್ಟುತ್ತದೆ.

ನಿಕ್ಕಲ್ ಇಲ್ಲದಿರುವುದರಿಂದ ಸ್ಕ್ರಬ್ಬರಿನ ತಂತಿ ಎಳೆಯುವ ನಮ್ಮಂಥವರಿಗೆ ಒಂದು ನೆಮ್ಮದಿಯಿದೆ. 2022ರ ಮಾರ್ಚ್ 8ರಂದು ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ನಿಕ್ಕಲ್ ಬೆಲೆ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿ, ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ಆ ವಾರ 304ಕ್ಕೆ ರೇಟು ಹೇಳುವವರು ಫೋನ್ ಎತ್ತಲು ಹೆದರುತ್ತಿದ್ದರು. 430 ಎಳೆಯುವವರಿಗೆ ಅಷ್ಟು ಕಷ್ಟ ಬರಲಿಲ್ಲ.

ನಾನಿರುವುದು ತುಮಕೂರು ಪಕ್ಕದ ಹಿರೇಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ, ಇಂಥ ತಂತಿ ಎಳೆಯುವ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ. ನಾವು ಸ್ಕ್ರಬ್ಬರ್ ಮಾಡುವುದಿಲ್ಲ. ತಂತಿ ಎಳೆದು, ಸ್ಪೂಲಿಗೆ ಸುತ್ತಿ, ಹೊರದೇಶಗಳಲ್ಲಿ ಸ್ಕ್ರಬ್ಬರ್ ಮಾಡುವವರಿಗೆ ಕಳಿಸುತ್ತೇವೆ. ಹಿರೇಹಳ್ಳಿ ಅಂದರೆ ಎಷ್ಟೋ ಜನಕ್ಕೆ ನೆನಪಾಗುವುದು ತೋಟಗಾರಿಕೆ ಪ್ರಯೋಗ ಕೇಂದ್ರ, ಅಲ್ಲಿಂದ ಹೆಸರಾದ 'ಸಿದ್ದು' ಹಲಸು. ದಾಬಸ್‌ಪೇಟೆ ಕಡೆಯಿಂದ ಹೈವೇಯಲ್ಲಿ ಬರುವವರಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಮುಂಚೆ ಸಿಗುವ ಊರು, ಅಷ್ಟೆ. ಒಳಗಿನ ಶೆಡ್ಡುಗಳಲ್ಲಿ ಏನು ನಡೆಯುತ್ತದೆ ಎಂದು ನಮ್ಮ ನೆಂಟರಿಗೂ ಗೊತ್ತಿಲ್ಲ. "ತಂತಿ ಫ್ಯಾಕ್ಟರಿ" ಅಂದರೆ ಕರೆಂಟಿನ ವೈರೇ ಇರಬೇಕು ಅಂದುಕೊಳ್ಳುತ್ತಾರೆ. ಪಾತ್ರೆ ಉಜ್ಜುವುದಕ್ಕೆ ಅಂದರೆ ನಗುತ್ತಾರೆ. ತಿಪಟೂರು, ಗುಬ್ಬಿ ಎಂದು ಎಲ್ಲಿ ನೋಡಿದರೂ ತೆಂಗಿರುವ ಜಿಲ್ಲೆ ನಮ್ಮದು. ತೆಂಗಿನ ನಾರಿಗೆ ಒಂದಿಷ್ಟು ಬೂದಿ ಹಚ್ಚಿಕೊಂಡು ಪಾತ್ರೆ ಬೆಳಗಿದ ಅಜ್ಜಿಯರಿಗೆ ಇದಕ್ಕೊಂದು ಕಾರ್ಖಾನೆ ಬೇಕೇ ಅನ್ನಿಸುವುದು ಸಹಜ.

ನಮ್ಮಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. 1978ರಲ್ಲಿ ಶುರುವಾದ ಕಾರ್ಖಾನೆ, 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಾಗ ಅದರ ಕಥೆಯೂ ಮುಗಿಯಿತು. ಮಿಲಿಮೀಟರಿನ ನೂರರಲ್ಲಿ ಒಂದು ಭಾಗದ ಬಗ್ಗೆ ಊಟದ ಮಧ್ಯೆ ಮಾತಾಡುವ ಮನೆ ನಮ್ಮದು. ಹಾಗಾಗಿ ಈ ಕೆಲಸ ನನಗೆ ಹೊಸದು ಅನ್ನಿಸಲಿಲ್ಲ.

ಸ್ಕ್ರಬ್ಬರಿಗೆ ಹೆಚ್ಚಾಗಿ ಕೇಳುವ ತಂತಿಯ ದಪ್ಪ 0.13 ಮಿಲಿಮೀಟರ್. ನಮಗೆ ಗೇಟಿನೊಳಕ್ಕೆ ಬರುವುದು 5.5 ಮಿಲಿಮೀಟರಿನ ವೈರ್ ರಾಡ್, ಪೆನ್ಸಿಲ್‌ಗಿಂತ ತುಸು ತೆಳ್ಳಗಿನ ಸರಳಿನ ದೊಡ್ಡ ದೊಡ್ಡ ಸುರುಳಿಗಳು. ಹತ್ತಿರದ ಸೇಲಂನಲ್ಲೇ ಸರ್ಕಾರಿ ಸ್ಟೇನ್‌ಲೆಸ್ ಕಾರ್ಖಾನೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಸೇಲಂನದು ತಗಡಿನ ಕೆಲಸ, ಸರಳಿನದಲ್ಲ. ರಾಡ್ ಬರುವುದು ಗುಜರಾತ್, ಮಹಾರಾಷ್ಟ್ರದ ಕಡೆಯಿಂದ.

ಆ ಸರಳನ್ನು ಮೊದಲು ಆಸಿಡ್ಡಿನಲ್ಲಿ ಅದ್ದಿ ಮೇಲಿನ ಕಪ್ಪು ಸಿಪ್ಪೆ ತೆಗೆಯುತ್ತಾರೆ. ಆಮೇಲೆ ಎಳೆಯುವುದು. ಶಾವಿಗೆ ಒರಳಲ್ಲಿ ಹಿಟ್ಟನ್ನು ಮೇಲಿನಿಂದ ಒತ್ತುತ್ತೇವಲ್ಲ, ಇಲ್ಲಿ ಹಾಗೆ ಒತ್ತುವುದಿಲ್ಲ. ಸರಳಿನ ಮೂತಿಯನ್ನು ಚೂಪು ಮಾಡಿ, ತನಗಿಂತ ಸ್ವಲ್ಪ ಚಿಕ್ಕದಾದ ತೂತಿನೊಳಗೆ ತೂರಿಸಿ, ಆಚೆಯಿಂದ ಎಳೆಯುತ್ತೇವೆ. ತೂತಿರುವ ಬಿಲ್ಲೆಗೆ ಡೈ ಅನ್ನುತ್ತಾರೆ. ಒಂದು ಡೈ ದಾಟಿದರೆ ತಂತಿಯ ಅಡ್ಡಕೊಯ್ತ ನೂರಕ್ಕೆ ಹದಿನೆಂಟೋ ಇಪ್ಪತ್ತೋ ಭಾಗ ಇಳಿಯುತ್ತದೆ, ಅಷ್ಟೇ ಇಳಿಯಬೇಕು. ಆಸೆಬುರುಕರಾಗಿ ಒಂದೇ ಸಲಕ್ಕೆ ಹೆಚ್ಚು ಇಳಿಸಹೋದರೆ ಹರಿಯುತ್ತದೆ. ಹೀಗೆ ಮೂವತ್ತು, ನಲವತ್ತು ಡೈಗಳ ಮೂಲಕ ಹಾದು ಬಂದರೆ 0.13. ದಪ್ಪ ತಂತಿಗೆ ಟಂಗ್‌ಸ್ಟನ್ ಕಾರ್ಬೈಡ್ ಡೈ, ಸೋಪಿನ ಪುಡಿ. ಸಣ್ಣದಾಗುತ್ತಾ ಹೋದ ಹಾಗೆ ವಜ್ರದ ಡೈ, ಎಣ್ಣೆಯ ನೀರು. ಮಧ್ಯೆ ಮಧ್ಯೆ ತಂತಿ ಎಳೆತಕ್ಕೆ ಗಡಸಾಗಿ ಮೊಂಡು ಬೀಳುತ್ತದೆ. ಆಗ ಉದ್ದನೆಯ ಕುಲುಮೆಯಲ್ಲಿ ಕಾಯಿಸಿ ಮೆತ್ತಗೆ ಮಾಡಬೇಕು. ಬರೀ ಗಾಳಿಯಲ್ಲಿ ಕಾಯಿಸಿದರೆ ಕಪ್ಪಾಗುತ್ತದೆ. ಅದಕ್ಕೇ ಅಮೋನಿಯಾ ಒಡೆದು ಬಂದ ಅನಿಲ ತುಂಬಿದ ಕೊಳವೆಗಳೊಳಗೆ ಹಾಯಿಸುತ್ತಾರೆ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಹೈಡ್ರೋಜನ್. ಒಂದು ಕಡೆ ಮಂಕಾಗಿ ಒಳಗೆ ಹೋದ ತಂತಿ ಇನ್ನೊಂದು ಕಡೆ ಹೊಳೆಯುತ್ತಾ ಬರುವುದನ್ನು ದಿನಾ ನೋಡಿದರೂ ನನಗೆ ಬೇಸರ ಬಂದಿಲ್ಲ.

ಇಲ್ಲೊಂದು ಲೆಕ್ಕ ಮಾಡಲೇಬೇಕು. ತೂಕ ಎಲ್ಲೂ ಹೋಗುವುದಿಲ್ಲ, ದಪ್ಪ ಇಳಿದಷ್ಟೂ ಉದ್ದ ಬೆಳೆಯುತ್ತದೆ. 5.5ನ್ನು 0.13ರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿದರೆ ಸುಮಾರು 1,790. ಅಂದರೆ ಒಂದು ಮೀಟರ್ ಸರಳು 1,790 ಮೀಟರ್ ತಂತಿಯಾಗುತ್ತದೆ. ಒಂದು ಕಿಲೋ ತಂತಿ ಬಿಚ್ಚಿದರೆ ಒಂಬತ್ತು ಮುಕ್ಕಾಲು ಕಿಲೋಮೀಟರ್. ಹಿರೇಹಳ್ಳಿಯಿಂದ ಹೊರಟರೆ ಹೆಚ್ಚುಕಡಿಮೆ ತುಮಕೂರು ಬಂತು. ಹದಿನೈದು ಗ್ರಾಮಿನ ಪುಟ್ಟ ಸ್ಕ್ರಬ್ಬರಿನಲ್ಲಿ ಸುಮಾರು 147 ಮೀಟರ್ ತಂತಿ ಮುದುಡಿಕೊಂಡು ಕೂತಿರುತ್ತದೆ.

ಈ ವ್ಯಾಪಾರದ ಗುಟ್ಟೆಲ್ಲ ಇರುವುದು ಇಲ್ಲೇ ಎಂದು ನನ್ನ ನಂಬಿಕೆ. ಬಿಲ್ ಆಗುವುದು ಕಿಲೋ ಲೆಕ್ಕದಲ್ಲಿ. ಕೊಳ್ಳುವವರಿಗೆ ಬೇಕಾಗಿರುವುದು ಮಾತ್ರ ಉದ್ದ, ಅದೂ ಎಲ್ಲೂ ತುಂಡಾಗದ ಉದ್ದ. ತಂತಿ 0.13ರ ಬದಲು 0.132 ಇತ್ತು ಅನ್ನಿ. ಎರಡು ಮೈಕ್ರಾನ್, ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲು. ಡೈ ತುಸು ಸವೆದರೆ ಇಷ್ಟು ಏರುಪೇರು ಆಗಿಬಿಡುತ್ತದೆ. ಆದರೆ ತೂಕದಲ್ಲಿ ಅದು ನೂರಕ್ಕೆ ಮೂರು. ಕೊಳ್ಳುವವರ ಯಂತ್ರ ಉದ್ದ ಅಳೆದು ಕತ್ತರಿಸುವುದೇ ಹೊರತು ತೂಗುವುದಿಲ್ಲ. ಪ್ರತಿ ಸ್ಕ್ರಬ್ಬರಿನಲ್ಲೂ ಅರ್ಧ ಗ್ರಾಮಿನಷ್ಟು ಸ್ಟೀಲು ಪುಕ್ಕಟೆ ಹೋಯಿತು. ಹತ್ತು ಲಕ್ಷ ಸ್ಕ್ರಬ್ಬರಿಗೆ ನಾನೂರೈವತ್ತು ಕಿಲೋಗೂ ಮೇಲೆ. ಅದಕ್ಕೇ ಅವರು ದಪ್ಪ ಹೆಚ್ಚಾಯಿತೆಂದು ಜಗಳಕ್ಕೆ ಬರುವಷ್ಟು ಬೇರೆ ಯಾವುದಕ್ಕೂ ಬರುವುದಿಲ್ಲ. ಅಂಗಡಿಯಲ್ಲಿ ತೂಕ ಜಾಸ್ತಿ ಬಂದರೆ ಖುಷಿಪಡುವ ನಮಗೆ ಇದು ವಿಚಿತ್ರ.

ತುಂಡಾಗುವುದು ಇನ್ನೂ ದೊಡ್ಡ ತಲೆನೋವು. ಐದು ಕಿಲೋ ಹಿಡಿಯುವ ಸ್ಪೂಲಿನಲ್ಲಿ 49 ಕಿಲೋಮೀಟರ್ ತಂತಿ ಇರುತ್ತದೆ. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಓಡಿದರೂ ಒಂದು ಸ್ಪೂಲ್ ತುಂಬಲು ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು. ಒಂದು ಸ್ಪೂಲಿಗೆ ಒಂದೇ ಉದ್ದ, ನಡುವೆ ಗಂಟಿರಬಾರದು, ಬೆಸುಗೆ ಇರಬಾರದು ಎಂದು ಆರ್ಡರಿನಲ್ಲೇ ಬರೆದಿರುತ್ತಾರೆ. ಸರಳು ದಪ್ಪಗಿರುವಾಗ ಒಂದರ ತುದಿಗೆ ಇನ್ನೊಂದನ್ನು ಬೆಸೆಯಬಹುದು. 0.13ಕ್ಕೆ ಬಂದ ಮೇಲೆ ಹರಿದರೆ ಮುಗಿಯಿತು. ನಲವತ್ತನೇ ಕಿಲೋಮೀಟರಿನಲ್ಲಿ ಹರಿದರೂ ಆ ಸ್ಪೂಲ್ ಎಕ್ಸ್‌ಪೋರ್ಟಿಗಿಲ್ಲ.

ಹರಿದಾಗಲೆಲ್ಲ ತುದಿಗಳನ್ನು ಸೆಲ್ಲೋಟೇಪಿಗೆ ಅಂಟಿಸಿಕೊಂಡು ಹುಡುಗರು ನನ್ನ ಹತ್ತಿರ ಬರುತ್ತಾರೆ.

"ಅಕ್ಕಾ, ತುಂಡು ತಂದಿದೀನಿ. ಆರನೇ ಮಿಷನ್ದು."

"ಎರಡೂ ಕಡೇದು ತಂದಿದೀಯೇನಪ್ಪ?"

"ಒಂದು ಕಡೆ ಸಿಗ್ಲಿಲ್ಲ ಅಕ್ಕ, ಒಳಗೆ ಸುತ್ತಿಕೊಂಡುಬಿಡ್ತು."

"ಹೋಗು, ಹುಡುಕ್ಕೊಂಡು ಬಾ. ಒಂದರಲ್ಲಿ ಅರ್ಧ ಕಥೆ ಮಾತ್ರ ಗೊತ್ತಾಗೋದು."

ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಹರಿದ ತುದಿ ತಾನೇ ಎಲ್ಲ ಹೇಳುತ್ತದೆ. ತುದಿ ಸಣ್ಣಗಾಗುತ್ತಾ ಬಂದು ಹರಿದಿದ್ದರೆ ಎಲ್ಲೋ ಸಿಕ್ಕಿಕೊಂಡು ಜಗ್ಗಿದೆ. ರಾಟೆ ಬಿಗಿಯಾಗಿರಬೇಕು, ಇಲ್ಲವೇ ಸ್ಪೂಲಿನಲ್ಲಿ ಸುತ್ತು ಅಡ್ಡ ಬಿದ್ದಿರಬೇಕು. ಒಂದು ತುದಿಯಲ್ಲಿ ಬಟ್ಟಲಿನ ಹಾಗೆ ಗುಳಿ, ಇನ್ನೊಂದರಲ್ಲಿ ಆ ಗುಳಿಗೆ ಸರಿಯಾಗಿ ಕೂರುವ ಶಂಕು ಇದ್ದರೆ ತಂತಿ ಒಳಗಿನಿಂದ ಬಿರಿದಿದೆ ಎಂದರ್ಥ. ಡೈಯ ಇಳಿಜಾರಿನ ಕೋನ ತಪ್ಪಿರಬಹುದು, ಅಥವಾ ಉಕ್ಕು ಕರಗಿಸುವಾಗಲೇ ಆಕ್ಸೈಡಿನ ಕಣವೊಂದು ಒಳಗೆ ಉಳಿದಿರಬಹುದು. ಇಪ್ಪತ್ತು ಮೈಕ್ರಾನಿನ ಕಣ 5.5 ಮಿಲಿಮೀಟರ್ ಸರಳಿನಲ್ಲಿ ಲೆಕ್ಕಕ್ಕೇ ಇಲ್ಲ. 130 ಮೈಕ್ರಾನಿನ ತಂತಿಯಲ್ಲಿ ಅದು ಆರರಲ್ಲಿ ಒಂದು ಪಾಲು ಅಗಲ ತಿಂದುಬಿಡುತ್ತದೆ. ತುದಿಯಿಂದ ಹಿಂದಕ್ಕೆ ಉದ್ದಕ್ಕೂ ಗೀರು ಕಂಡರೆ ಡೈ ಬಿರುಕು ಬಿಟ್ಟಿದೆ. ಡೈ ರೂಮಿಗೆ ಫೋನ್ ಮಾಡಬೇಕು. ನೂರಾರು ಕಿಲೋಮೀಟರ್ ಆಚೆಗಿನ ಕುಲುಮೆಯಲ್ಲಿ ಯಾವಾಗಲೋ ಆದ ಎಡವಟ್ಟು ಹಿರೇಹಳ್ಳಿಯ ಆರನೇ ಮಿಷನ್ನಿನಲ್ಲಿ ಹೀಗೆ ಬಯಲಾಗುತ್ತದೆ. ಆ ಉಕ್ಕು ಕರಗಿಸಿದ ಸರದಿಯ ಗುರುತಾದ ಹೀಟ್ ನಂಬರ್ ಬರೆದಿಟ್ಟುಕೊಂಡು ರಾಡ್ ಕೊಟ್ಟವರಿಗೆ ಪತ್ರ ಹಾಕುವುದೂ ನನ್ನದೇ ಕೆಲಸ.

ತಂತಿ ಚೆನ್ನಾಗಿದ್ದೂ ಮಾತು ಕೇಳಿಸಿಕೊಂಡದ್ದಿದೆ. ಯುರೋಪಿನ ಒಬ್ಬ ಗಿರಾಕಿ, ನಿಮ್ಮ ತಂತಿ ಗಂಟೆಗೊಮ್ಮೆ ಹರಿಯುತ್ತಿದೆ ಎಂದು ಖಾರವಾಗಿ ಬರೆದರು. ನಾವು ಇಟ್ಟುಕೊಂಡಿದ್ದ ಮಾದರಿಯನ್ನು ಎಳೆದು ನೋಡಿದೆವು. ಬಲ ಸರಿಯಿದೆ, ಹಿಗ್ಗುವಿಕೆ ಸರಿಯಿದೆ. ಒಂದು ಸುತ್ತು ಕತ್ತರಿಸಿ ಮೇಜಿನ ಮೇಲೆ ಬಿಟ್ಟರೆ ತಂತಿ ಚಪ್ಪಟೆಯಾಗಿ ಉಂಗುರದಂತೆ ಮಲಗಬೇಕು. ತುದಿ ಮೇಲಕ್ಕೆದ್ದರೆ ಅದರಲ್ಲಿ ತಿರುಚು ಇದೆ. ಅದೂ ಇರಲಿಲ್ಲ. ಕೊನೆಗೆ ನಿಮ್ಮ ಮಿಷನ್ ಓಡುವ ವಿಡಿಯೋ ಕಳಿಸಿ ಅಂದೆವು. ಅದನ್ನು ನಿಧಾನಗತಿಯಲ್ಲಿ ಓಡಿಸಿದಾಗ ವಿಷಯ ಸಿಕ್ಕಿತು. ಅಲ್ಲಿ ಸ್ಪೂಲನ್ನು ನೆಟ್ಟಗೆ ನಿಲ್ಲಿಸಿ, ತಂತಿಯನ್ನು ಮೇಲಕ್ಕೆ ಎಳೆಯುತ್ತಿದ್ದರು. ಕೆಳಗಿನ ಅಂಚಿನ ಹತ್ತಿರ ಒಂದು ಸುತ್ತು ಪಕ್ಕದ ಸುತ್ತಿನ ಅಡಿಗೆ ಇಳಿದಿತ್ತು. ಅಲ್ಲಿಗೆ ಬಂದಾಗಲೆಲ್ಲ ಎಳೆತ ಜೋರಾಗಿ ಪಟ್ ಎನ್ನುತ್ತಿತ್ತು. ಸುತ್ತುವಾಗ ತಂತಿಯನ್ನು ಅತ್ತಿಂದಿತ್ತ ಓಡಾಡಿಸುವ ಟ್ರಾವರ್ಸ್ ಅನ್ನುವ ಭಾಗ ಅಂಚಿನವರೆಗೂ ಹೋಗದೆ ಒಂದು ಮಿಲಿಮೀಟರ್ ಮೊದಲೇ ತಿರುಗುತ್ತಿದ್ದುದೇ ಕಾರಣ. ಸ್ಪಾನರ್ ಹಿಡಿದು ಸರಿಮಾಡಲು ಹತ್ತು ನಿಮಿಷ. ಅದನ್ನು ಕಂಡುಹಿಡಿಯಲು ಎರಡು ದೇಶಗಳವರು ಸೇರಬೇಕಾಯಿತು.

ಆ ವಿಡಿಯೋದಿಂದ ಇನ್ನೊಂದು ಲಾಭವಾಯಿತು, ನಮ್ಮ ಹುಡುಗರೆಲ್ಲ ಸ್ಕ್ರಬ್ಬರ್ ಹೇಗಾಗುತ್ತದೆ ಎಂದು ನೋಡಿದರು. ತಂತಿ ಮೊದಲು ಎರಡು ಉರುಳೆಗಳ ನಡುವೆ ಹಾದು ಚಪ್ಪಟೆಯಾಗುತ್ತದೆ, ಅರ್ಧ ಮಿಲಿಮೀಟರಿಗೂ ಕಡಿಮೆ ಅಗಲದ ಪಟ್ಟಿ. ಉಜ್ಜುವುದು ಆ ಪಟ್ಟಿಯ ಅಂಚು. ದುಂಡನೆಯ ತಂತಿ ಮುದ್ದೆ ಪಾತ್ರೆಯ ತಳದ ಸೀಕಿನ ಮೇಲೆ ಸುಮ್ಮನೆ ಜಾರುತ್ತಿತ್ತು. ಆಮೇಲೆ ಪಟ್ಟಿ ಗರಗರ ಸುತ್ತಿ ಸ್ಪ್ರಿಂಗಿನಂತೆ ಸುರುಳಿಯಾಗಿ, ಸುರುಳಿಯೇ ಮೆತ್ತನೆಯ ಉಂಡೆಯಾಗಿ ಕೆಳಗೆ ಬೀಳುತ್ತದೆ. ಇನ್ನೊಂದು ಬಗೆಯಲ್ಲಿ ಸ್ವೆಟರ್ ಹೆಣೆಯುವಂಥ ಯಂತ್ರದಲ್ಲಿ ಬಲೆ ಹೆಣೆದು ಮಡಚುತ್ತಾರೆ. ತಂತಿ ಗಡಸಾಗಿದ್ದರೆ ಚಪ್ಪಟೆಯಾಗುವಾಗಲೇ ಅಂಚು ಬಿರಿಯುತ್ತದೆ. ತೀರಾ ಮೆತ್ತಗಿದ್ದರೆ ಸುರುಳಿ ನಿಲ್ಲುವುದಿಲ್ಲ, ನಾಲ್ಕು ದಿನಕ್ಕೆ ಚಪ್ಪಟೆ ಬೀಳುತ್ತದೆ.

ಒಳ್ಳೆಯ ಸುರುಳಿ ಸ್ಕ್ರಬ್ಬರ್ ಅಂದರೆ ಒಂದೇ ತಂತಿ, ಎರಡೇ ತುದಿ. ನಡುವೆ ಒಂದು ಕಡೆ ಹರಿದಿದ್ದರೆ ನಾಲ್ಕು ತುದಿ, ಎರಡು ಕಡೆ ಹರಿದಿದ್ದರೆ ಆರು. ಬೆರಳಿಗೆ ಚುಚ್ಚುವುದು ತುದಿ. ಚೂರಾಗಿ ಉದುರಿ ಸಾರಿನೊಳಗೆ ಸೇರುವುದೂ ತುದಿಯೇ. ಆಹಾರ ತಯಾರಿಸುವ ಎಷ್ಟೋ ಕಾರ್ಖಾನೆಗಳ ಅಡುಗೆಮನೆಗಳಲ್ಲಿ ಲೋಹದ ಸ್ಕ್ರಬ್ಬರನ್ನು ಒಳಗೇ ಬಿಡುವುದಿಲ್ಲ, ಈ ಚೂರಿನ ಭಯಕ್ಕೆ. ಹಾಗಾಗಿ ಹರಿಯಬಾರದು ಎನ್ನುವ ಗಿರಾಕಿಯ ಹಟ ಬರೀ ಅವರ ಮಿಷನ್ ನಿಲ್ಲದಿರಲಿ ಎಂದಲ್ಲ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಸ್ಕ್ರಬ್ಬರಿನ ಹುಟ್ಟೂ ಅಡುಗೆಮನೆಯ ತಾಪತ್ರಯದಿಂದಲೇ, ಅದರ ಉಕ್ಕು ಮಾತ್ರ ಬೇರೆ ಕಡೆಯಿಂದ ಬಂದದ್ದು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಸವೆಯದ ಉಕ್ಕು ಹುಡುಕುತ್ತಾ ತುಕ್ಕು ಹಿಡಿಯದ ಉಕ್ಕನ್ನು ಕಂಡುಕೊಂಡರು. ಅದೇ ವರ್ಷ ಅಮೆರಿಕದಲ್ಲಿ ಬ್ರಿಲ್ಲೊ ಎಂಬ ಉಕ್ಕಿನ ಉಣ್ಣೆಯ ಉಜ್ಜುಗ ಬಂತು. 1917ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನೆಮನೆಗೆ ಅಲ್ಯೂಮಿನಿಯಂ ಪಾತ್ರೆ ಮಾರುತ್ತಿದ್ದ ಎಡ್ವಿನ್ ಕಾಕ್ಸ್, ಹೆಂಗಸರು ಬಾಗಿಲು ತೆಗೆಯಲೆಂದು, ಸೋಪು ಹಚ್ಚಿದ ಉಕ್ಕಿನ ಉಣ್ಣೆಯನ್ನು ಉಚಿತ ಉಡುಗೊರೆ ಕೊಡುತ್ತಿದ್ದರಂತೆ. ಪಾತ್ರೆಗಿಂತ ಅದಕ್ಕೇ ಬೇಡಿಕೆ ಬಂತು. ಅದೆಲ್ಲ ಸಾದಾ ಉಕ್ಕು, ರಾತ್ರಿ ನೆನೆದರೆ ಬೆಳಗ್ಗೆ ತುಕ್ಕು. ಬ್ರಿಯರ್ಲಿಯ ಉಕ್ಕು ಕಾಕ್ಸರ ಬಳಕೆಗೆ ಬಂದು ಸೇರಲು ಕಾಲ ಹಿಡಿಯಿತು.

ಸ್ಕ್ರಬ್ಬರನ್ನೇ ಇಲ್ಲಿ ಮಾಡಿ ಕಳಿಸಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಸ್ಕ್ರಬ್ಬರಿನಲ್ಲಿ ಇರುವುದೆಲ್ಲ ಗಾಳಿ. ಕಂಟೇನರ್ ತುಂಬಿದರೂ ತೂಕವಿರುವುದಿಲ್ಲ, ಗಾಳಿಗೆ ಹಡಗಿನ ಬಾಡಿಗೆ ಕೊಟ್ಟಂತೆ. ತಂತಿಯಾದರೆ ಹತ್ತು ಟನ್ ಕಳಿಸಿದರೆ ಅಲ್ಲಿ ಆರು ಲಕ್ಷ ಅರವತ್ತು ಸಾವಿರ ಸ್ಕ್ರಬ್ಬರ್. ಅವರ ಯಂತ್ರಕ್ಕೆ ಆಳು ಕಡಿಮೆ ಸಾಕು, ಪೊಟ್ಟಣದ ಮೇಲೆ ಅವರ ಭಾಷೆ, ಅವರ ಬ್ರಾಂಡು. ಬೇಕಾದಷ್ಟೇ ಮಾಡಿಕೊಂಡು ಪಕ್ಕದ ಸೂಪರ್ ಮಾರ್ಕೆಟ್ಟಿಗೆ ಹಾಕುತ್ತಾರೆ.

ಕಳಿಸುವುದೂ ಒಂದು ಕೆಲಸವೇ. ಸ್ಪೂಲಿಗೆ ಪ್ಲಾಸ್ಟಿಕ್ ಚೀಲ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಹಗಲ ಬಿಸಿಲು ರಾತ್ರಿ ತಂಪಿಗೆ ಕಂಟೇನರ್ ಒಳಗೇ ಬೆವರುತ್ತದೆ, ಉಪ್ಪುಗಾಳಿ ಬೇರೆ; ಉಪ್ಪಿನ ಮುಂದೆ 430 ಅಷ್ಟೇನೂ ಗಟ್ಟಿ ಆಳಲ್ಲ. ಕೆಳಗಿಡುವ ಮರದ ಪ್ಯಾಲೆಟ್ಟಿನ ಮೇಲೆ ಹುಳ ಸಾಯುವಂತೆ ಕಾಯಿಸಿದ್ದಕ್ಕೆ ಗೋಧಿ ತೆನೆಯ ಮುದ್ರೆ ಇರಬೇಕು. ಮುದ್ರೆ ಅಳಿಸಿದ್ದರೆ ಸ್ಟೀಲ್ ಎಷ್ಟು ಚೆನ್ನಾಗಿದ್ದರೂ ಬಂದರಿನಲ್ಲಿ ತಡೆಯುತ್ತಾರೆ. ವೈಟ್‌ಫೀಲ್ಡಿನ ಕಂಟೇನರ್ ಡಿಪೋ, ಅಲ್ಲಿಂದ ರೈಲಿನಲ್ಲಿ ಚೆನ್ನೈ, ಆಮೇಲೆ ಸಮುದ್ರ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಯುರೋಪಿನ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾವನ್ನೇ ಸುತ್ತತೊಡಗಿದವು. ಹತ್ತು ಹದಿನೈದು ದಿನ ಹೆಚ್ಚು, ಬಾಡಿಗೆಯೂ ಹೆಚ್ಚು.

ಅದರ ಮೇಲೆ ಕಾಗದ. 2013ರಲ್ಲಿ ಯುರೋಪ್ ಒಕ್ಕೂಟ ಭಾರತದ ಸ್ಟೇನ್‌ಲೆಸ್ ತಂತಿಗೆ ಆಂಟಿ ಡಂಪಿಂಗ್ ಸುಂಕ ಹಾಕಿತ್ತು. ಈಗ ಕಾರ್ಬನ್ ಲೆಕ್ಕ. ಉಕ್ಕು ಮಾಡುವಾಗ ಎಷ್ಟು ಇಂಗಾಲದ ಹೊಗೆ ಹೊರಟಿತು ಎಂದು 2023ರ ಅಕ್ಟೋಬರಿನಿಂದ ವರದಿ ಕೇಳತೊಡಗಿದರು, 2026ರ ಜನವರಿಯಿಂದ ಅದಕ್ಕೆ ದುಡ್ಡಿನ ಲೆಕ್ಕವೂ ಸೇರಿತು. ಇದರಲ್ಲೊಂದು ತಮಾಷೆಯಿದೆ. ಕಸ್ಟಮ್ಸ್ ಪುಸ್ತಕದಲ್ಲಿ ಸ್ಟೇನ್‌ಲೆಸ್ ತಂತಿಯ ಸಂಖ್ಯೆ 7223, ಪಾತ್ರೆ ಉಜ್ಜುವ ಸ್ಕ್ರಬ್ಬರಿನದು 7323. ಕಾರ್ಬನ್ ಕಾನೂನು ಬಂದಾಗ ಮಾಡಿದ ಪಟ್ಟಿಯಲ್ಲಿ ಮೊದಲನೆಯದಿತ್ತು, ಎರಡನೆಯದಿರಲಿಲ್ಲ. ಅಂದರೆ ತಂತಿಯಾಗಿ ಗಡಿ ದಾಟಿದರೆ ಹೊಗೆಯ ಲೆಕ್ಕ ಕೊಡಬೇಕು, ಅದೇ ತಂತಿ ಉಂಡೆಯಾಗಿ ದಾಟಿದರೆ ಬೇಡ. ತಮ್ಮ ನೆಲದ ಸ್ಕ್ರಬ್ಬರ್ ಕಾರ್ಖಾನೆಗೇ ಇದು ಪೆಟ್ಟು ಎಂದು ಪಟ್ಟಿ ಮಾಡಿದವರಿಗೆ ಹೊಳೆಯಲಿಲ್ಲವೋ ಏನೋ. ನಾವು ಎಳೆಯುವಾಗ ಸುಡುವ ಕರೆಂಟಿನ ಲೆಕ್ಕ ನನ್ನ ಕೈಯಲ್ಲಿದೆ. ದೊಡ್ಡ ಹೊಗೆ ಇರುವುದು ರಾಡ್ ಮಾಡುವ ಕಡೆ, ಅವರಿಂದ ಅಂಕಿ ತರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಹರಿದು ಹೋಗಿ ಎಕ್ಸ್‌ಪೋರ್ಟಿಗೆ ಸಲ್ಲದ ಗಿಡ್ಡ ಸ್ಪೂಲುಗಳು ಬೇರೆ ಕಪಾಟಿಗೆ ಹೋಗುತ್ತವೆ. ಅವನ್ನು ಇಲ್ಲಿಯ ಸಣ್ಣ ಸ್ಕ್ರಬ್ಬರ್ ತಯಾರಕರು ಕೊಳ್ಳುತ್ತಾರೆ. ಪರದೇಶದವರು ಬೇಡವೆಂದ ಮಾಲು ಎಂದು ಮೂಗು ಮುರಿಯಬೇಕಿಲ್ಲ. ಲೋಹ ಅದೇ, ಹೊಳಪು ಅದೇ, ಉದ್ದ ಮಾತ್ರ ಕಡಿಮೆ. ಇವರ ಮಿಷನ್ ಪಕ್ಕದಲ್ಲಿ ಆಳು ನಿಂತೇ ಇರುತ್ತಾನೆ, ಸ್ಪೂಲ್ ಮುಗಿದರೆ ಇನ್ನೊಂದು ಹಾಕುತ್ತಾನೆ. ಹರಿದ ಕಡೆ ಆ ಉಂಡೆಯನ್ನು ತೆಗೆದು ಪಕ್ಕಕ್ಕಿಟ್ಟರೆ ಆಯಿತು. ಇಡುತ್ತಾರೋ ಇಲ್ಲವೋ ಅನ್ನುವುದು ಮಾತ್ರ ಅವರವರ ಮೇಲೆ.

ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣದ ಹೊರಗಿನಿಂದಲೇ ತುದಿ ಎಷ್ಟು ಕಾಣುತ್ತದೆ ನೋಡಿ. ಅಲ್ಲಲ್ಲಿ ಮುಳ್ಳಿನಂತೆ ಎದ್ದಿದ್ದರೆ ಬೇರೆ ಕೇಳಿ. ನಾನ್‌ಸ್ಟಿಕ್ ತವೆಗೆ ಯಾವ ಸ್ಟೀಲ್ ಸ್ಕ್ರಬ್ಬರನ್ನೂ ಮುಟ್ಟಿಸಬೇಡಿ. ಉಪ್ಪಿನ ನೀರಿನಲ್ಲಿ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಬೇಡಿ. ಸಿಂಕಿನಲ್ಲಿ ಹೊಳೆಯುವ ಸಣ್ಣ ಚೂರುಗಳು ಕಾಣತೊಡಗಿದರೆ, ಇನ್ನೊಂದು ವಾರ ಬರುತ್ತದೆ ಎಂದು ಇಟ್ಟುಕೊಳ್ಳದೆ ಅವತ್ತೇ ಗುಜರಿ ಚೀಲಕ್ಕೆ ಹಾಕಿ. ಉಳಿಯುವ ದುಡ್ಡು ಹತ್ತೋ ಇಪ್ಪತ್ತೋ ರೂಪಾಯಿ, ಹೋಗುವುದು ಯಾರ ಗಂಟಲಿಗೋ.